ದೊಡ್ಡಸ್ವಾಮಿ ಅಬ್ಬೆ ದುಬಾಯ್

ಹಾಸನ ಜಿಲ್ಲೆಯ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಬೇಲೂರು ಹಳೇಬೀಡುಗಳ ಕಡೆಗೆ, ಇಲ್ಲವೆ ಚನ್ನರಾಯಪಟ್ಟಣದ ಆಚೆಗಿರುವ ಶ್ರವಣಬೆಳಗೊಳದ ಬೆಟ್ಟದ ಕಡೆಗೆ ಓಡುತ್ತದೆ. ಅದು ಸಹಜವೇ. ಆದರೆ ಇದೇ ನೆಲದಲ್ಲಿ ತಲೆಗೆ ಪೇಟ ಸುತ್ತಿ, ಕೈಯಲ್ಲಿ ಬಿದಿರಿನ ಕೋಲು ಹಿಡಿದು, ಸೊಪ್ಪು ಕಾಳು ತಿಂದುಕೊಂಡು ಓಡಾಡಿದ ಒಬ್ಬ ಫ್ರೆಂಚ್ ಪಾದ್ರಿಯ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನಾನಂತೂ ಕೇಳಿರಲಿಲ್ಲ. ಕೇಳುವಂತಾದುದು ವಿದ್ಯಾರ್ಥಿನಿಲಯದಲ್ಲಿ ನಡೆದ ಒಂದು ಸಣ್ಣ ಜಗಳದಿಂದ.

ನಮ್ಮ ನಿಲಯದಲ್ಲಿ ಇಬ್ಬರು ಕ್ರೈಸ್ತ ಗೆಳೆಯರಿದ್ದರು. ಒಬ್ಬನು ರೋಮನ್ ಕ್ಯಾಥೊಲಿಕ್, ಇನ್ನೊಬ್ಬನು ಪ್ರಾಟೆಸ್ಟೆಂಟ್. ಯೇಸು ತನ್ನ ಶಿಷ್ಯರಿಗೆ ಕಲಿಸಿದನೆಂಬ ಪ್ರಾರ್ಥನೆಯನ್ನು ಇಬ್ಬರೂ ಬಾಯಿಪಾಠ ಬಲ್ಲವರು. ಒಬ್ಬನು ಅದನ್ನು ಪರಲೋಕ ಮಂತ್ರವೆಂದರೆ ಇನ್ನೊಬ್ಬನು ಕರ್ತನ ಪ್ರಾರ್ಥನೆಯೆನ್ನುತ್ತಿದ್ದನು. ಹೆಸರು ಹೋಗಲಿ, ಮೊದಲನೆಯವನು ಕೇಡಿನಿಂದ ಕಾಪಾಡೆಂದು ಬೇಡಿ ಅಲ್ಲಿಗೇ ನಿಲ್ಲಿಸುವನು. ಎರಡನೆಯವನು ರಾಜ್ಯವೂ ಬಲವೂ ಮಹಿಮೆಯೂ ದೇವರದೇ ಎಂಬ ಅರ್ಥದ ಇನ್ನೊಂದು ಮಾತನ್ನು ಸೇರಿಸುವನು. ನೀನು ಸೇರಿಸಿದ್ದು ಎಂದು ಒಬ್ಬ, ನೀನು ಬಿಟ್ಟಿದ್ದು ಎಂದು ಮತ್ತೊಬ್ಬ. ನಮ್ಮ ಚರಿತ್ರೆಯ ಅಧ್ಯಾಪಕರಲ್ಲಿಗೆ ವ್ಯಾಜ್ಯ ಹೋಯಿತು. ಅವರು ತೀರ್ಪು ಕೊಡಲಿಲ್ಲ; ಅಬ್ಬೆ ದುಬಾಯ್‌ನನ್ನು ಓದಿರಿ ಎಂದು ಕಳುಹಿಸಿಬಿಟ್ಟರು. ಜಗಳವಾಡಿದವರು ಓದಲಿಲ್ಲ. ನೋಡುತ್ತ ನಿಂತಿದ್ದ ನಾನು ಓದಿದೆ.

ಈ ಹೆಸರಿನಲ್ಲೇ ಒಂದು ತಮಾಷೆ ಇದೆ. ಫ್ರೆಂಚರಲ್ಲಿ ಪಾದ್ರಿಯನ್ನು ಗೌರವದಿಂದ ಕರೆಯುವ ಆ ಪದವು ತಂದೆ ಎಂಬರ್ಥದ ಅರಮಾಯಿಕ್ ಭಾಷೆಯ ಅಬ್ಬಾ ಎಂಬುದರಿಂದ ಬಂದುದು. ನಮ್ಮ ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ! ಒಂದೇ ನಾದ ಒಂದು ಸೀಮೆಯಲ್ಲಿ ತಂದೆ, ಇನ್ನೊಂದು ಸೀಮೆಯಲ್ಲಿ ತಾಯಿ. ಭಾಷಾಂತರದ ತೊಡಕಿಗೆ ಬೇರೆ ಉದಾಹರಣೆ ಬೇಕಿಲ್ಲವೆನ್ನುವಷ್ಟು ಅಚ್ಚುಕಟ್ಟಾಗಿದೆ. ಇಲ್ಲಿಯ ಜನ ಮಾತ್ರ ಆ ಗೊಡವೆಗೆ ಹೋಗದೆ ಆತನನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಜಾನ್ ಆಂಟೊವಾನ್ ದುಬಾಯ್ ಹುಟ್ಟಿದುದು ದಕ್ಷಿಣ ಫ್ರಾನ್ಸಿನ ಆರ್ದೇಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ. ಅಲ್ಲಿ ಆತನಿಗೆ ಜ್ಞಾನಸ್ನಾನವಾದುದು 1766ರ ಜನವರಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದ ವರ್ಷವೇ ಹಡಗು ಹತ್ತಿದನು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಪಾದ್ರಿಗಳ ತಲೆಗೆ ಭದ್ರತೆಯಿರಲಿಲ್ಲ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದವನಾಗಿ ಪುದುಚೇರಿಯ ಕಡೆಗೆ ಬಂದು, ತಮಿಳು ಸೀಮೆಯಲ್ಲಿ ಕೆಲವು ವರ್ಷ ಕಳೆದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದನು. ಟಿಪ್ಪುವಿನ ಕಾಲದಲ್ಲಿ ಚದರಿಹೋಗಿದ್ದ, ಹಲವರು ಬಲವಂತದಿಂದ ಮತಾಂತರಗೊಂಡಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕಲೆಹಾಕುವ ಕೆಲಸ ಆತನ ಪಾಲಿಗೆ ಬಂದಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಸೀಮೆಯೇ ಆತನ ಮನೆಯಾಯಿತು.

ಹಾಸನದ ಸಮೀಪ, ಹಳೆಯ ಇಂಗ್ಲಿಷ್ ಗೆಜೆಟಿಯರುಗಳಲ್ಲಿ ಸಾತಳ್ಳಿ ಎಂಬಂತೆ ಬರೆದಿರುವ ಊರಿನಲ್ಲಿ ಆತನು ಕ್ರೈಸ್ತ ಒಕ್ಕಲುಗಳ ಒಂದು ಬೇಸಾಯದ ನೆಲೆಯನ್ನು ಕಟ್ಟಿದನು. ಯುದ್ಧದಲ್ಲಿ ಎತ್ತು ನೇಗಿಲು ಕಳೆದುಕೊಂಡು ಅಲೆಯುತ್ತಿದ್ದವರಿಗೆ ಉಪದೇಶಕ್ಕಿಂತ ಮೊದಲು ಉಳುವ ನೆಲ ಬೇಕೆಂಬುದು ಆತನಿಗೆ ತಿಳಿದಿತ್ತೆಂದು ಕಾಣುತ್ತದೆ. ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮೇಲೇಳುವ ಪಾಳು ಚರ್ಚನ್ನು ನಮ್ಮವರೆಲ್ಲ ನೋಡಿಯೇ ಇರುತ್ತೇವೆ. ಅದು ಆತನದಲ್ಲ, ಆತನು ಹೋದ ಮೇಲೆ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದುದು. ಗೊರೂರಿನ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಗಿ ಗೋಡೆಗಳು ಮಾತ್ರ ನಿಂತಿವೆ. ಹೊಳೆನರಸೀಪುರದ ಗದ್ದೆಗಳ ಕಡೆಗೆ ಹರಿದುಹೋಗುವ ನೀರು ಆ ಗೋಡೆಗಳನ್ನು ತೊಳೆದೇ ಹೋಗುತ್ತದೆ.

ಸಿಡುಬಿನ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಇಂಗ್ಲೆಂಡಿನ ಜೆನ್ನರನು ಗೋವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿಕೊಟ್ಟುದು 1796ರಲ್ಲಿ. ಅದು ನಮ್ಮ ದೇಶಕ್ಕೆ ಬಂದುದು 1802ರಲ್ಲಿ. ಮರುವರ್ಷವೇ ದುಬಾಯ್ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ಕೈಹಾಕಿದನು. ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಕೈಮುಗಿಯುವ ಜನ ಪರದೇಶಿ ಪಾದ್ರಿಯ ಮುಂದೆ ತೋಳು ಚಾಚಿದರೆಂದರೆ ಆತನ ಮೇಲಿನ ನಂಬಿಕೆ ಎಷ್ಟಿದ್ದಿರಬೇಕು! ಕೆಲವೇ ತಿಂಗಳಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಹಾಕಿಸಿದ ಲೆಕ್ಕವಿದೆ. ಒಬ್ಬ ಮನುಷ್ಯನು ಜೀವಮಾನದಲ್ಲಿ ಇಷ್ಟೊಂದೇ ಮಾಡಿದ್ದರೂ ಸಾಕಾಗಿತ್ತು.

ಆತನ ಹೆಸರು ಲೋಕದಲ್ಲಿ ಉಳಿದುದು ಮಾತ್ರ ಒಂದು ಪುಸ್ತಕದಿಂದ. ಹಿಂದೂಗಳ ನಡೆ ನುಡಿ, ಆಚಾರ ವ್ಯವಹಾರಗಳನ್ನು ಕುರಿತು ಫ್ರೆಂಚಿನಲ್ಲಿ ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ಮೆಚ್ಚಿದನು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕನ ಕಾಲದಲ್ಲಿ ಕಂಪನಿ ಸರಕಾರ ಅದನ್ನು ಎರಡು ಸಾವಿರ ವರಹಗಳಿಗೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಹೊರಬಂದಿತು. ದುಬಾಯ್ ತಿದ್ದಿ ಬೆಳೆಸಿದ ಪ್ರತಿಯನ್ನು ಬೋಷಾಂಪನು ಅನುವಾದಿಸಿದುದು 1897ರಲ್ಲಿ. ಇಂದು ಎಲ್ಲರೂ ಓದುವುದು ಇದನ್ನೇ. ನಮ್ಮ ಸಮಾಜವನ್ನು ಕುರಿತು ಅದರಲ್ಲಿ ಸೂಕ್ಷ್ಮವಾದ ಮಾತುಗಳಿವೆ. ಓದಿದರೆ ಮೈ ಉರಿಯುವಂಥ ಮಾತುಗಳೂ ಸಾಕಷ್ಟಿವೆ.

ಇರಲಿ, ನಮ್ಮ ವ್ಯಾಜ್ಯಕ್ಕೆ ಬೇಕಾದುದು ಆತನ ಇನ್ನೊಂದು ಪುಸ್ತಕ. 1823ರಲ್ಲಿ ಭಾರತವನ್ನು ಬಿಟ್ಟುಹೋದ ಕೂಡಲೇ ಆತನು ಲಂಡನ್ನಿನಲ್ಲಿ ಕೆಲವು ಪತ್ರಗಳನ್ನು ಅಚ್ಚುಹಾಕಿಸಿದನು. ಭಾರತದಲ್ಲಿ ಕ್ರೈಸ್ತ ಮತದ ಸ್ಥಿತಿಗತಿ ಅದರ ವಿಷಯ. ಮೂವತ್ತು ವರ್ಷ ಮತಪ್ರಚಾರಕ್ಕೆಂದೇ ದುಡಿದ ಪಾದ್ರಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಬಹಿರಂಗವಾಗಿ ಸಾರಿಬಿಟ್ಟನು. ತನ್ನಿಂದಾದುದು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟವರು ಇಲ್ಲವೆ ತಿರುಕರು ಎಂದು ಲೆಕ್ಕವನ್ನೂ ಒಪ್ಪಿಸಿದನು. ಸೋಲನ್ನು ಹೀಗೆ ಅಂಕಿಯಲ್ಲಿ ಬರೆದುಕೊಡುವವರು ಯಾವ ಮತದಲ್ಲಿಯೂ ವಿರಳ.

ಆ ಪತ್ರಗಳಲ್ಲಿ ದೊಡ್ಡ ಜಗಳವೆಂದರೆ ಬೈಬಲಿನ ದೇಶಭಾಷಾನುವಾದಗಳ ಮೇಲಿನದು. ಆಗ ಬಂಗಾಳದ ಸೀರಾಂಪುರದಲ್ಲಿ ಕೇರಿ ಮತ್ತು ಅವನ ಸಂಗಡಿಗರು ಒಂದರ ಹಿಂದೆ ಒಂದು ಭಾಷೆಯಲ್ಲಿ ಬೈಬಲನ್ನು ಅಚ್ಚಿಗಿಳಿಸುತ್ತಿದ್ದರು. ನಮ್ಮ ಕನ್ನಡದ ಕೆಲಸ ಬಳ್ಳಾರಿಯಲ್ಲಿ ನಡೆದಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಸುವಾರ್ತೆಗಳಿಂದ ಆರಂಭಿಸಿದನು. ಆಮೇಲೆ ವಿಲಿಯಂ ರೀವ್ ಜೊತೆಗೂಡಿದನು. ಕನ್ನಡ ನಿಘಂಟನ್ನು ಮಾಡಿದ ರೀವ್ ಇವನೇ. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತ್ತು. ಅಂದರೆ ದುಬಾಯ್ ಈ ಸೀಮೆಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದ ದಿನಗಳಲ್ಲಿಯೇ ಬಳ್ಳಾರಿಯಲ್ಲಿ ಇಂಗ್ಲಿಷ್ ಪಾದ್ರಿಗಳು ಪಂಡಿತರನ್ನು ಕೂರಿಸಿಕೊಂಡು ಪದಕ್ಕೆ ಪದ ಹುಡುಕುತ್ತಿದ್ದರು. ಇಂಥ ಉತ್ಸಾಹವೇ ಆತನಿಗೆ ಹಿಡಿಸದುದು. ನಾಲ್ಕು ವರ್ಷ ಭಾಷೆ ಕಲಿತವರ ಒರಟು ಗದ್ಯದಲ್ಲಿ ದೇವರ ಮಾತನ್ನು ಓದಿ ಈ ದೇಶದವರು ನಗುತ್ತಾರೆ. ಇಲ್ಲಿ ಶಾಸ್ತ್ರವೆಂದರೆ ಪದ್ಯ, ಅಲಂಕಾರ, ಗಂಭೀರ ನಡೆ. ಅದಕ್ಕೆ ಸಮನಾಗಿ ಬರೆಯಲಾರದವರು ಬರೆಯದಿರುವುದೇ ಲೇಸು ಎಂಬುದು ಆತನ ವಾದ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದ ನಮಗೆ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ಆದರೆ ಆತನ ನಿಜವಾದ ಭಯ ಶೈಲಿಯದಲ್ಲ, ಕರುವಿನದು.

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಪಾಲು ತೆಗೆದುಕೊಂಡು ದೂರದೇಶಕ್ಕೆ ಹೋದ ಕಿರಿಯ ಮಗ ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯ್ದು, ಹಸಿದು ಮನೆಗೆ ಮರಳುತ್ತಾನೆ. ತಂದೆ ಓಡಿಬಂದು ತಬ್ಬಿಕೊಂಡು, ಹಬ್ಬಕ್ಕಾಗಿ ಕೊಬ್ಬಿಸಿದ್ದ ಕರುವನ್ನು ಕಡಿಸಿ ಔತಣ ಮಾಡಿಸುತ್ತಾನೆ. ದುಬಾಯ್ ಒಮ್ಮೆ ಈ ಕಥೆಯನ್ನು ಸಭೆಯಲ್ಲಿ ವಿವರಿಸಿದನಂತೆ. ಮಗ ಮನೆಗೆ ಬಂದಾಗ ಕಣ್ಣೀರು ತರಬೇಕಾಗಿದ್ದ ಜನ, ಕರುವಿನ ಮಾತು ಬಂದೊಡನೆ ಮುಖ ಸಿಂಡರಿಸಿದರು. ಅವರು ಕ್ರೈಸ್ತರೇ! ಇನ್ನು ಮುಂದೆ ಕರುವನ್ನು ಎತ್ತಬೇಡಿ, ಕುರಿಮರಿಯೆಂದು ಹೇಳಿರಿ ಎಂದು ಅವರು ಸ್ನೇಹದಿಂದಲೇ ಬುದ್ಧಿ ಹೇಳಿದರೆಂದು ಆತನು ಬರೆದಿದ್ದಾನೆ. ಆದಿಕಾಂಡದಲ್ಲಿ ಅಬ್ರಹಾಮನು ತನ್ನ ಗುಡಾರಕ್ಕೆ ಬಂದ ಮೂವರು ದೇವದೂತರಿಗೆ ಕರುವಿನ ಅಡಿಗೆ ಬಡಿಸಿದ ಪ್ರಸಂಗವನ್ನು ಬ್ರಾಹ್ಮಣನೊಬ್ಬನ ಕೈಗೆ ಕೊಟ್ಟರೆ ಆತಿಥೇಯನನ್ನೂ ಅತಿಥಿಗಳನ್ನೂ ಕೂಡಿಯೇ ಹೊರಗೆ ನಿಲ್ಲಿಸಿಯಾನು ಎಂಬುದು ಆತನ ಇನ್ನೊಂದು ಉದಾಹರಣೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗೋವಿನ ಸಿಡುಬಿನ ಕೀವನ್ನು ಸಾವಿರಾರು ಜನರ ತೋಳಿಗೆ ಹಾಕಿಸಿದ ಆತನೇ ಕಥೆಯೊಳಗಿನ ಕರುವಿಗೆ ಹೆದರಿದನು. ಇನ್ನೊಂದು ಪ್ರಶ್ನೆ ಅದಕ್ಕಿಂತ ಕಠಿನ. ಆತನ ಲೆಕ್ಕದಂತೆಯೇ ಆತನಿಂದ ಹೊಸದಾಗಿ ಕ್ರೈಸ್ತರಾದವರಲ್ಲಿ ಬಹುಪಾಲು ಊರ ಹೊರಗಿನವರು. ಕರುವಿನ ಮಾತಿಗೆ ನೊಂದುಕೊಳ್ಳುವವರು ಬೇರೆ, ಬಾಗಿಲು ತಟ್ಟಿ ಬಂದವರು ಬೇರೆ. ಹಾಗಾದರೆ ಕುರಿಮರಿ ಯಾರಿಗಾಗಿ? ಬಾರದೇ ಹೋದವರ ಮನಸ್ಸನ್ನು ಕಾಯುವುದಕ್ಕಾಗಿ ಬಂದವರಿಗೆ ತಿದ್ದಿದ ಕಥೆಯನ್ನು ಕೊಡುವುದೆ? ದುಬಾಯ್ ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಆತನ ಕಣ್ಣು ಸದಾ ಅಗ್ರಹಾರದ ಕಡೆಗಿತ್ತು.

ಬೈಬಲಿನ ವಾಕ್ಯಗಳು ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುವುದಕ್ಕೆ ಕೇಳುವವರ ಮನಸ್ಸು ಒಂದು ಕಾರಣ ಮಾತ್ರ. ಗೆಳೆಯರ ಪ್ರಾರ್ಥನೆಯ ವ್ಯಾಜ್ಯದ ಕಾರಣ ಬೇರೆ. ಅದು ಮೂಲದಲ್ಲಿಯೇ ಇದೆ. ದುಬಾಯ್‌ನಂಥ ಕ್ಯಾಥೊಲಿಕ್ ಪಾದ್ರಿಯ ಕೈಯಲ್ಲಿದ್ದುದು ವಲ್ಗೇಟ್ ಎಂಬ ಲ್ಯಾಟಿನ್ ಬೈಬಲು. ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರೋಮ್ ಎಂಬ ಪಂಡಿತನು ಸಿದ್ಧಪಡಿಸಿದುದು. ಪ್ರಾಟೆಸ್ಟೆಂಟರು ಅದನ್ನು ಬಿಟ್ಟು ಹೀಬ್ರೂ ಗ್ರೀಕ್ ಪ್ರತಿಗಳಿಗೇ ಹೋದರು. ಆದರೆ ಹದಿನಾರನೆಯ ಶತಮಾನದಲ್ಲಿ ಅವರಿಗೆ ದೊರೆತ ಗ್ರೀಕ್ ಪ್ರತಿಗಳು ಬಹುಮಟ್ಟಿಗೆ ಈಚಿನವು. 1611ರ ಇಂಗ್ಲಿಷ್ ಬೈಬಲಿಗೆ ಅವೇ ಆಧಾರ. ಪ್ರಾರ್ಥನೆಯ ಕೊನೆಯ ಸ್ತುತಿ ಅವುಗಳಲ್ಲಿತ್ತು, ವಲ್ಗೇಟಿನಲ್ಲಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸೀನಾಯ್ ಬೆಟ್ಟದ ಮಠದಿಂದ ಟಿಷೆಂಡಾರ್ಫನು ಬೆಳಕಿಗೆ ತಂದ ಪ್ರತಿ, ರೋಮಿನ ವ್ಯಾಟಿಕನ್ನಿನಲ್ಲಿದ್ದ ಪ್ರತಿ, ಇವೆರಡೂ ನಾಲ್ಕನೆಯ ಶತಮಾನದವು. ಆ ಹಳೆಯ ಪ್ರತಿಗಳಲ್ಲಿಯೂ ಆ ಸ್ತುತಿ ಇಲ್ಲ. ಸಭೆಯಲ್ಲಿ ಪ್ರಾರ್ಥನೆ ಮುಗಿಸುವಾಗ ಹೇಳುತ್ತಿದ್ದ ಮಾತು ಬರೆಯುವವರ ಕೈಯಿಂದ ಪುಸ್ತಕದೊಳಗೆ ಸೇರಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ನಮ್ಮ ಹಳೆಯ ಓಲೆಗರಿಗಳಲ್ಲಿ ಪ್ರಕ್ಷಿಪ್ತ ಪದ್ಯಗಳು ಸೇರಿಕೊಂಡಂತೆಯೇ. ಪಂಪನನ್ನೋ ರನ್ನನನ್ನೋ ಪಾಠಾಂತರಗಳೊಡನೆ ಓದುವ ನಮ್ಮ ಕನ್ನಡ ಅಧ್ಯಾಪಕರಿಗೆ ಇದೇನು ಹೊಸದಲ್ಲ.

ಕೆಲವೆಡೆ ಒಂದೇ ಒಂದು ಅಕ್ಷರ ಅರ್ಥವನ್ನು ತಿರುಗಿಸಿದೆ. ಯೇಸು ಹುಟ್ಟಿದ ರಾತ್ರಿ ಕುರುಬರಿಗೆ ಕೇಳಿಸಿತೆನ್ನುವ ದೇವದೂತರ ಹಾಡಿನಲ್ಲಿ, ಗ್ರೀಕಿನ ಒಂದು ಪದದ ತುದಿಗೆ ಸಕಾರವಿದ್ದರೆ ದೇವರ ಒಲವಿಗೆ ಪಾತ್ರರಾದವರಿಗೆ ಶಾಂತಿ ಎಂದಾಗುತ್ತದೆ. ಸಕಾರ ಬಿದ್ದುಹೋದರೆ ಭೂಮಿಗೆ ಶಾಂತಿ, ಮನುಷ್ಯರೆಲ್ಲರ ಮೇಲೆ ಒಲವು ಎಂದಾಗುತ್ತದೆ. ಶಾಂತಿ ಕೆಲವರಿಗೋ ಎಲ್ಲರಿಗೋ ಎಂಬುದು ಒಂದು ಸಕಾರದ ಮೇಲೆ ನಿಂತಿದೆ! ಹಳೆಯ ಪ್ರತಿಗಳು ಸಕಾರದ ಕಡೆಗೇ ಇವೆ. ಎರಡನೆಯ ಪಾಠ ಮನಸ್ಸಿಗೆ ಹೆಚ್ಚು ಹಿತವೆಂದು ನನಗೆ ತೋರುತ್ತದೆ. ಆದರೆ ಹಿತವಾದುದೇ ಹಳೆಯದಾಗಬೇಕೆಂದಿಲ್ಲ.

ಇನ್ನು ಪ್ರತಿಯಲ್ಲಿ ಭೇದವಿಲ್ಲದಿದ್ದರೂ ಪದದೊಳಗೇ ಎರಡು ಅರ್ಥ ಕುಳಿತಿರುವುದುಂಟು. ಸೃಷ್ಟಿಯ ಆರಂಭದಲ್ಲಿ ನೀರಿನ ಮೇಲೆ ಚಲಿಸುತ್ತಿತ್ತೆಂದು ಹೇಳುವ ಹೀಬ್ರೂ ಪದಕ್ಕೆ ಗಾಳಿಯೆಂದೂ ಅರ್ಥ, ಉಸಿರೆಂದೂ ಅರ್ಥ, ಆತ್ಮವೆಂದೂ ಅರ್ಥ. ಕನ್ನಡದವನು ಒಂದನ್ನು ಆರಿಸಲೇಬೇಕು. ಆರಿಸಿದೊಡನೆ ಮಿಕ್ಕೆರಡು ಕೈಬಿಡುತ್ತವೆ. ಯೆಶಾಯನ ಭವಿಷ್ಯವಾಣಿಯಲ್ಲಿ ಗರ್ಭಿಣಿಯಾಗುವವಳು ಹೀಬ್ರೂವಿನಂತೆ ಯುವತಿ, ಗ್ರೀಕಿಗೆ ಬಂದಾಗ ಕನ್ಯೆ. ಆ ಒಂದು ಪದಕ್ಕಾಗಿ ಯೆಹೂದ್ಯರಿಗೂ ಕ್ರೈಸ್ತರಿಗೂ ನಡೆದ ವಾದ ಸಾವಿರಾರು ವರ್ಷದ್ದು. ನಮ್ಮ ಸೀಮೆಗೇ ಬರೋಣ. ದಿನದ ರೊಟ್ಟಿಯನ್ನು ಕೊಡೆಂದು ಬೇಡುವ ಮಾತನ್ನು ಅರಕಲಗೂಡಿನ ರೈತನಿಗೆ ಹಾಗೆಯೇ ಹೇಳಿದರೆ ಆತನು ಅಕ್ಕಿರೊಟ್ಟಿಯನ್ನು ನೆನೆದು, ಮುದ್ದೆಯನ್ನು ಯಾಕೆ ಬಿಟ್ಟಿರೆಂದು ಕೇಳಿಯಾನು. ಆಹಾರವೆಂದರೆ ಎಲ್ಲರಿಗೂ ಸಲ್ಲುತ್ತದೆ, ಆದರೆ ಹಿಟ್ಟಿನ ಘಮ ಹೋಗುತ್ತದೆ. ದೇವರ ಹೆಸರಿಗೆ ಕನ್ನಡದ ಪ್ರಾಟೆಸ್ಟೆಂಟರು ಯೆಹೋವನೆಂದು ಹೀಬ್ರೂವಿನದನ್ನೇ ಇಟ್ಟುಕೊಂಡರು. ಕ್ಯಾಥೊಲಿಕರು ಸರ್ವೇಶ್ವರನೆಂದು ಈ ನೆಲದ ಪದವನ್ನು ಒಪ್ಪಿಸಿಕೊಂಡರು. ಒಬ್ಬರದು ದೀಕ್ಷಾಸ್ನಾನ, ಇನ್ನೊಬ್ಬರದು ಜ್ಞಾನಸ್ನಾನ. ನೀರು ಒಂದೇ.

ದುಬಾಯ್‌ನ ಪತ್ರಗಳು ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲವನ್ನೆಬ್ಬಿಸಿದುವು. 1824ರಲ್ಲಿಯೇ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಪಾದ್ರಿಗಳು ಪುಸ್ತಕದಷ್ಟು ಉದ್ದದ ಉತ್ತರಗಳನ್ನು ಬರೆದರು. ಮೊದಲ ಅನುವಾದ ಒರಟಾಗಿದ್ದರೆ ತಿದ್ದಬಹುದು, ಬರೆಯದೇ ಇದ್ದರೆ ತಿದ್ದುವುದೇನನ್ನು ಎಂಬ ಪಕ್ಷವನ್ನು ಕಾಲ ಎತ್ತಿಹಿಡಿಯಿತು. ಬಳ್ಳಾರಿಯ ಕನ್ನಡ ಬೈಬಲನ್ನು ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಕೂತು ಪರಿಷ್ಕರಿಸಿದರು; ಆಮೇಲೂ ತಿದ್ದುಪಡಿಗಳು ನಡೆದಿವೆ. ಪ್ರಾಟೆಸ್ಟೆಂಟರು ಸತ್ಯವೇದವೆಂದು ಓದುವ ಪುಸ್ತಕದಲ್ಲಿ ದ್ರಾಕ್ಷಿಯ ಮದ್ಯವು ದ್ರಾಕ್ಷಾರಸವಾಗಿ ಸೌಮ್ಯವಾಗಿದೆ. ಆದರೆ ಆ ಕರು ಕರುವಾಗಿಯೇ ಉಳಿದಿದೆ. ಯಾರೂ ಅದನ್ನು ಕುರಿಮರಿ ಮಾಡಲಿಲ್ಲ. ಹೇಳುವ ಬಾಯಿ ಸಭೆಯನ್ನು ನೋಡಿ ಮೆತ್ತಗಾಗಬಹುದು, ಬರೆಯುವ ಕೈಗೆ ಆ ಸ್ವಾತಂತ್ರ್ಯವಿಲ್ಲವೆಂದು ಭಾಷಾಂತರಕಾರರು ಬಗೆದಂತಿದೆ. ನನ್ನ ಮತವೂ ಅದೇ. ಆದರೂ ಕುರಿಮರಿಯೆಂದು ಹೇಳಿರೆಂದ ಆ ಹೆಸರಿಲ್ಲದ ಜನರ ಮುಜುಗರ ಸುಳ್ಳೆಂದು ಹೇಳಲಾರೆ.

ಪ್ಯಾರಿಸ್ಸಿಗೆ ಮರಳಿದ ದುಬಾಯ್ ತನ್ನ ಸಂಘದ ಗುರುಮಠದಲ್ಲಿ ನೆಲೆಸಿದನು. ಕಂಪನಿಯಿಂದ ವಿಶ್ರಾಂತಿವೇತನ ಬರುತ್ತಿತ್ತು. 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದನು. ಅದಕ್ಕೆ ಆತನು ಇಟ್ಟುಕೊಂಡ ಮೂಲ ಒಂದಲ್ಲ, ಮೂರು: ತಮಿಳು, ತೆಲುಗು ಮತ್ತು ಕನ್ನಡದ ಪ್ರತಿಗಳು. ಒಂದರಲ್ಲಿದ್ದುದು ಇನ್ನೊಂದರಲ್ಲಿಲ್ಲ, ಆರಿಸಿ ಹೊಂದಿಸಿಕೊಂಡನು. ಬೈಬಲಿನ ಅನುವಾದಕರನ್ನು ಅಷ್ಟು ಕಟುವಾಗಿ ಝಾಡಿಸಿದವನು ನರಿ ಸಿಂಹಗಳ ಕಥೆಯ ಮುಂದೆ ಅವರ ಸ್ಥಿತಿಯಲ್ಲಿಯೇ ಕುಳಿತನು. 1836ರಿಂದ 1839ರವರೆಗೆ ಗುರುಮಠದ ಮುಖ್ಯಸ್ಥನಾಗಿದ್ದು, 1848ರ ಫೆಬ್ರವರಿಯಲ್ಲಿ ತೀರಿಕೊಂಡನು. ಕ್ರಾಂತಿಯಿಂದ ಪಾರಾಗಿ ಬಂದವನು ಸತ್ತ ವಾರದಲ್ಲಿಯೇ ಪ್ಯಾರಿಸ್ಸಿನಲ್ಲಿ ಇನ್ನೊಂದು ಕ್ರಾಂತಿ ಎದ್ದಿತು.

ಆತನ ಕೀರ್ತಿಯ ಬಗ್ಗೆ ಒಂದು ಮಾತನ್ನು ಮುಚ್ಚಿಡಬಾರದು. ಹಿಂದೂಗಳ ಆಚಾರಗಳನ್ನು ಕುರಿತ ಆ ದೊಡ್ಡ ಪುಸ್ತಕದ ಬಹುಭಾಗ ಆತನದಲ್ಲವೆಂದು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಳು. ಆತನಿಗಿಂತ ಮೊದಲು ಆಂಧ್ರ ತಮಿಳು ಸೀಮೆಗಳಲ್ಲಿದ್ದ ಕೇರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹವನ್ನು ದೇವೋ ಎಂಬ ಸೈನ್ಯಾಧಿಕಾರಿ 1777ರ ಸುಮಾರಿಗೆ ಒಂದು ಹಸ್ತಪ್ರತಿಯಾಗಿ ಜೋಡಿಸಿದ್ದನು. ದುಬಾಯ್‌ನ ಪುಸ್ತಕ ಅದನ್ನೇ ಹಿಡಿದು ನಡೆದಿದೆ, ಕೇರ್ದೂವಿನ ಹೆಸರನ್ನು ಮಾತ್ರ ಹೇಳಿಲ್ಲ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ನುಗಳಿಗೂ ನಂಟಿದೆಯೆಂದು 1767ರಲ್ಲಿಯೇ ಗುರುತಿಸಿದವನು ಆ ಕೇರ್ದೂ. ಆತನ ಹೆಸರು ಮಾತ್ರ ಬಹುಕಾಲ ಧೂಳಿನಲ್ಲಿತ್ತು.

ಹೀಗಾಗಿ ಆತನ ಹೆಸರಿನಲ್ಲಿ ಲೋಕವೆಲ್ಲ ಓದಿದ ಪುಸ್ತಕ ಬಹುಪಾಲು ಇನ್ನೊಬ್ಬರದು. ಆತನ ಸ್ವಂತದ್ದೆಂದು ಧೈರ್ಯವಾಗಿ ಹೇಳಬಹುದಾದುದು ಸಿಟ್ಟಿನಿಂದಲೂ ನಿರಾಶೆಯಿಂದಲೂ ಬರೆದ ಆ ಪತ್ರಗಳು, ಈ ಸೀಮೆಯ ತೋಳುಗಳ ಮೇಲೆ ಮೂಡಿದ ಮಚ್ಚೆಗಳು, ಮತ್ತು ಹಾಸನದ ಬಳಿ ಉತ್ತು ಬಿತ್ತಿಸಿದ ಕೆಲವು ಹೊಲಗಳು. ನಮ್ಮ ಗೆಳೆಯರಿಬ್ಬರಿಗೆ ಇದನ್ನೆಲ್ಲ ಹೇಳಿದೆ. ಸ್ತುತಿ ಹಳೆಯ ಪ್ರತಿಯಲ್ಲಿಲ್ಲವೆಂದು ಕೇಳಿ ಕ್ಯಾಥೊಲಿಕ್ ಗೆಳೆಯ ಗೆದ್ದವನಂತೆ ನಕ್ಕನು. ಪ್ರಾಟೆಸ್ಟೆಂಟ್ ಗೆಳೆಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜಿ ಕಲಿಸಿದ್ದನ್ನು ಬಿಡಲಾರೆನೆಂದನು. ಅಂದಿನ ರಾತ್ರಿಯೂ ಅವನು ಅದನ್ನು ಸೇರಿಸಿಯೇ ಪ್ರಾರ್ಥನೆ ಮುಗಿಸಿದನು.